ಎಣ್ಣೆಯಂಗಿಯ ವೈರಸ್ಸೂ ನಮ್ಮ ಅತ್ತಿಗೆಯೂ

ನಮ್ಮ ಅತ್ತಿಗೆಗೆ ಸಾರಿನ ಒಗ್ಗರಣೆ ಕಂಡರೆ ಭಯ! ನಗಬೇಡಿ. ಹಲ್ಲಿ, ಜಿರಲೆ, ಮದ್ರಾಸಿನ ಸಿಟಿ ಬಸ್ಸು, ಕೊನೆಗೆ ಸಾಕ್ಷಾತ್ ನಮ್ಮ ಅತ್ತೆಯವರು, ಯಾವುದಕ್ಕೂ ಹೆದರದ ಆ ಹೆಂಗಸು ಸಾರಿನ ಬಟ್ಟಲಲ್ಲಿ ಎರಡು ಎಣ್ಣೆಹನಿ ಹತ್ತಿರ ಬಂದವೆಂದರೆ ಉಸಿರು ಬಿಗಿಹಿಡಿದು ಕೂತುಬಿಡುತ್ತಿದ್ದರು.

ಅತ್ತಿಗೆಯೆಂದರೆ ನಮ್ಮ ಯಜಮಾನರ ಅಕ್ಕ. ಎಂಬತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಮದ್ರಾಸಿನ ಕ್ರೋಂಪೇಟೆಯ ಮನೆಗೆ ಬಂದಾಗ ಅವರು ಯಾವುದೋ ಪ್ರಯೋಗಾಲಯದಲ್ಲಿ ವೈರಸ್ಸುಗಳ ಸಂಶೋಧನೆ ಮಾಡುತ್ತಿದ್ದರು. ಬಂದ ಹೊಸದರಲ್ಲೇ ಒಂದು ದಿನ ಊಟಕ್ಕೆ ಕೂತಿದ್ದೇವೆ, ಅತ್ತಿಗೆ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು.

"ನೋಡು, ನೋಡು! ಅಂಟಿಕೊಳ್ತು... ಈಗ ಒಂದಾಗತ್ತೆ... ಅಯ್ಯೋ, ಒಳಗೆ ಹೋಗೇಬಿಡ್ತು!"

"ಯಾರು ಅತ್ತಿಗೆ?"

"ವೈರಸ್ಸು!"

ನಾನು ಕಲಸಿದ ತುತ್ತನ್ನು ಹಾಗೇ ಕೆಳಗಿಟ್ಟೆ.

ಆಮೇಲೆ ಅವರೇ ಬಿಡಿಸಿ ಹೇಳಿದರು. ನಮ್ಮ ಮೈಯ ಒಂದೊಂದು ಜೀವಕೋಶದ ಸುತ್ತಲೂ ಜಿಡ್ಡಿನ ತೆಳ್ಳನೆಯ ಪೊರೆ ಇರುತ್ತದಂತೆ. ಅತ್ತಿಗೆಯ ವೈರಸ್ಸಿಗೂ ಅಂಥದೇ ಪೊರೆ. ತಾನು ಹುಟ್ಟಿಬಂದ ಕೋಶದಿಂದಲೇ ಕದ್ದು ಹೊದ್ದುಕೊಂಡ ಅಂಗಿ! ವೈರಸ್ಸು ಬಂದು ಕೋಶಕ್ಕೆ ಕೊಕ್ಕೆ ಹಾಕುತ್ತದೆ, ಜಿಡ್ಡಿಗೆ ಜಿಡ್ಡು ಬೆರೆಯುತ್ತದೆ, ಎರಡು ಹನಿ ಒಂದಾದ ಹಾಗೆ ಎರಡು ಪೊರೆ ಒಂದಾಗಿ ದಾರಿ ತೆರೆದುಕೊಳ್ಳುತ್ತದೆ. ಆ ಜಿಡ್ಡಿನಲ್ಲಿ ಕೊಲೆಸ್ಟರಾಲು ಕಡಿಮೆಯಾದರೆ ವೈರಸ್ಸಿಗೆ ಒಳಗೆ ಹೋಗುವುದು ಕಷ್ಟವಾದೀತೇ? ಅತ್ತಿಗೆಯ ಹಗಲು ರಾತ್ರಿಯ ಚಿಂತೆ ಅದು. "ಸಾರು ಆರಿಹೋಗತ್ತೆ, ಶೀಕ್ರಂ ಉಣ್ಣೇ!" ಎನ್ನುವುದು ನಮ್ಮ ಅತ್ತೆಯವರ ಹಗಲು ರಾತ್ರಿಯ ಚಿಂತೆ.

ಒಮ್ಮೆ ವಿಮಾ ಕಚೇರಿಯ ಗಂಡೊಂದು ಅತ್ತಿಗೆಯನ್ನು ನೋಡಲು ಬಂದಿತ್ತು. "ಏನು ಕೆಲಸ ಅಂತ ಕೇಳಿದ್ರೆ ಟೀಚರ್ ಅಂದ್ಬಿಡು ಕಣೇ," ಎಂದು ಅತ್ತೆ ಗೋಗರೆದಿದ್ದರು. ಅತ್ತಿಗೆ ತಲೆಯಾಡಿಸಿದರು. ಗಂಡು ಕೋಡುಬಳೆಗೆ ಕೈ ಹಾಕಿತು, ಅಷ್ಟೇ! "ರೈಲಿನಲ್ಲಿ ಬಂದಿದೀರಾ. ಸೋಪು ಹಾಕಿ ಕೈ ತೊಳಕೊಂಡ್ರಾ?" ಎಂಬ ಪ್ರಶ್ನೆ ಬಂತು. ಗಂಡು ಕೈ ತೊಳೆಯಲು ಹೋಯಿತು. ಅಲ್ಲಿಂದ ಹಾಗೆಯೇ ಸ್ಟೇಷನ್ನಿಗೂ ಹೋಯಿತು!

ಇನ್ನು ಮೊಟ್ಟೆಯ ವಿಷಯ. ನಮ್ಮದು ಈರುಳ್ಳಿಯನ್ನೂ ಅನುಮಾನದಿಂದ ನೋಡುವ ವೈಷ್ಣವರ ಮನೆ. ಅತ್ತಿಗೆಯ ವೈರಸ್ಸೋ, ಕೋಳಿಗಳಿಗೆ ಕೊಕ್ಕರೆ ರೋಗ ತರುವಂಥದು. ಅದು ಬೆಳೆಯುವುದು ಮರಿಗಟ್ಟಿದ ಕೋಳಿಮೊಟ್ಟೆಯಲ್ಲಿ. ಮಾಧವರಂ ಕಡೆಯ ಕೋಳಿ ಫಾರಂನಿಂದ ಸಂಜೆ ಮೊಟ್ಟೆ ತಂದು, ರಾತ್ರಿ ಮನೆಯಲ್ಲಿ ಬೆಚ್ಚಗಿಟ್ಟು, ಬೆಳಗ್ಗೆ ಪ್ರಯೋಗಾಲಯಕ್ಕೆ ಒಯ್ಯಬೇಕು. ಹಿತ್ತಲ ಮೆಟ್ಟಿಲು ಹತ್ತಿ ನೇರ ತಾರಸಿಯ ಕೋಣೆಗೆ ಹೋಗತಕ್ಕದ್ದು, ಇದು ಅತ್ತೆಯವರ ಕಟ್ಟಪ್ಪಣೆ. ತಾವಂತೂ ಆ ಮೆಟ್ಟಿಲ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಬಯಲು ತಾರಸಿಗೆ ತಮಿಳಿನಲ್ಲಿ 'ಮೊಟ್ಟೈ ಮಾಡಿ', ಅಂದರೆ ಬೋಳು ಮಹಡಿ, ಎನ್ನುತ್ತಾರಲ್ಲ, ನಮ್ಮ ಮನೆಯ ಮಟ್ಟಿಗೆ ಅದು ಅಚ್ಚಗನ್ನಡದಲ್ಲೇ ನಿಜವಾಯಿತು!

ಒಂದು ಸಂಜೆ ಎಲೆಕ್ಟ್ರಿಕ್ ಟ್ರೇನಿನಲ್ಲಿ ನಾನೂ ಜೊತೆಗಿದ್ದೆ. ನಮ್ಮ ಬೀದಿಯ ಮಾಮಿಯೊಬ್ಬರು ಎದುರಿಗೇ ಬಂದು ಕೂರಬೇಕೆ! ಅತ್ತಿಗೆ ಮಗುವಿನಂತೆ ತಬ್ಬಿಕೊಂಡಿದ್ದ ಬುಟ್ಟಿಯನ್ನು ನೋಡಿ ಕೇಳಿದರು.

"ಎನ್ನಡಿ ಅದು? ಮಾಂಬಳಮಾ?"

ಮಾವಿನಹಣ್ಣೆಂದು ಒಪ್ಪಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? "ಅಲ್ಲ ಮಾಮಿ, ಮೊಟ್ಟೆ," ಎಂದರು ಅತ್ತಿಗೆ. ನಾನು ಕಾಲು ತುಳಿದೆ. ಅವರು ತಪ್ಪು ತಿದ್ದಿಕೊಂಡರು: "ಬರೀ ಮೊಟ್ಟೆ ಅಲ್ಲ, ಒಳಗೆ ಮರಿ ಇದೆ!"

ಮುಂದಿನ ಹಬ್ಬದ ಅರಿಶಿನ ಕುಂಕುಮಕ್ಕೆ ನಮಗೆ ಕರೆ ಬರಲಿಲ್ಲ.

ನಗುವುದೆಲ್ಲ ಅಲ್ಲಿಗೆ ಮುಗಿಯಿತು. ಬಾಣಂತನ ಮುಗಿಸಿ ನಾನು ಹಸುಗೂಸಿನೊಡನೆ ತಿರುಗಿ ಬರುವ ಹೊತ್ತಿಗೆ ಊರಿಗೆಲ್ಲ ಕಣ್ಣುಬೇನೆ. ಎಲ್ಲರ ಬಾಯಲ್ಲೂ 'ಮದ್ರಾಸ್ ಐ'. ಒಂದು ಬೆಳಗ್ಗೆ ಅತ್ತಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಹಿತ್ತಲಲ್ಲಿ ನಿಂತಿದ್ದರು. ಮುಖ ಬಿಳಿಚಿತ್ತು.

"ಮಗೂನ ಒಳಗೆ ಕರಕೊಂಡು ಹೋಗು. ಮೊನ್ನೆ ಲ್ಯಾಬಿನಲ್ಲಿ ಒಂದು ಹನಿ ಕಣ್ಣಿಗೆ ಸಿಡೀತು. ನನ್ನ ಕೋಳಿ ವೈರಸ್ಸೇ ಇರಬೇಕು. ದೇವರೇ, ಅದೇ ಆಗಿರಲಿ!"

ಈ ಮೊರೆ ಕೇಳಿ ನಾನು ದಂಗಾದೆ. ವೈರಸ್ಸು ಅವರದೇ ಆದರೆ ಅದಕ್ಕೆ ಜಿಡ್ಡಿನ ಅಂಗಿ ಇದೆ. ಸೋಪು ಹಾಕಿದರೆ ಅಂಗಿ ಕರಗುತ್ತದೆ, ಕಥೆ ಮುಗಿಯುತ್ತದೆ. ಊರಿನ ಕಣ್ಣುಬೇನೆಯ ವೈರಸ್ಸಿಗೆ ಆ ಅಂಗಿಯೇ ಇಲ್ಲವಂತೆ! ಸೋಪಿಗೆ ಅಷ್ಟು ಸುಲಭವಾಗಿ ಸಾಯುವುದಿಲ್ಲ, ಚೆನ್ನಾಗಿ ಉಜ್ಜಿ ತೊಳೆದು ಓಡಿಸಬೇಕು.

"ಕಣ್ಣುಬೇನೇಲೂ ನಮ್ಮದು, ಊರಿಂದು ಅಂತ ಉಂಟೇನೇ?" ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಅತ್ತಿಗೆ ತಾರಸಿಯ ಕೋಣೆ ಸೇರಿದರು. ಊಟ ಮೆಟ್ಟಿಲ ಮೇಲೆ. ಕೈ ತೊಳೆದೂ ತೊಳೆದೂ ಬೆರಳ ಸಂದಿಗಳೆಲ್ಲ ಬಿರಿದವು. ಮೇಲಿನಿಂದ ಬಗ್ಗಿ, "ಮಗು ಕಣ್ಣು ಹೇಗಿದೆ?" ಎಂದು ಕೂಗುವರು. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ನನಗೂ ಅದೇ ಹುಚ್ಚು ಹತ್ತಿತು. ಮಲಗಿದ ಮಗುವಿನ ರೆಪ್ಪೆ ಬಿಡಿಸಿ ನೋಡುತ್ತಿದ್ದೆ.

ಅತ್ತಿಗೆಯ ಕಣ್ಣೇನೋ ತಿಳಿಯಾಯಿತು. ಆದರೆ ಅವರು ಕೆಳಗಿಳಿಯಬೇಕೆಂದಿದ್ದ ದಿನವೇ ಮಗುವಿನ ರೆಪ್ಪೆ ಊದಿ, ಅಂಟಿಕೊಂಡು, ಬಿಡಿಸಿದರೆ ಒಳಗೆಲ್ಲ ಕೆಂಪು! ನಾನು ಅತ್ತುಬಿಟ್ಟೆ. ಅತ್ತಿಗೆ ಅಳಲಿಲ್ಲ. ಮೆಟ್ಟಿಲ ಮೇಲೆಯೇ ಕುಸಿದು ಕೂತರು.

"ನಾನೇ ತಂದೆ. ಇನ್ನು ಆ ಕೆಲಸ ಬೇಡ, ಬಿಟ್ಟುಬಿಡ್ತೀನಿ. ಮೊದಲು ಡಾಕ್ಟರ ಹತ್ರ ಓಡಿ."

ನಾನೂ ಅತ್ತೆಯವರೂ ಮಗುವನ್ನೆತ್ತಿಕೊಂಡು ಓಡಿದೆವು. ಡಾಕ್ಟರು ಹತ್ತಿಯಿಂದ ಕಣ್ಣು ಒರೆಸಿ, ಹತ್ತಿಯನ್ನು ನನ್ನ ಮೂಗಿನ ಮುಂದೆ ಹಿಡಿದರು. ಕಪ್ಪಗಿತ್ತು. "ಮೈ ಯಾರಮ್ಮಾ ವೆಚ್ಚದು?" ಎಂದು ಗದರಿದರು. ತಮಿಳಿನಲ್ಲಿ 'ಮೈ' ಎಂದರೆ ಕಾಡಿಗೆ. ನಾನು ಹಚ್ಚಿರಲಿಲ್ಲ. ಅತ್ತೆಯವರ ಕಡೆ ತಿರುಗಿದೆ.

"ದೃಷ್ಟಿ ಆಗಬಾರದು ಅಂತ..." ಎಂದರು ಅತ್ತೆ, ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ. "ಮನೇಲಿ ಕಣ್ಣುಬೇನೆ ಬೇರೆ. ದಿನಾ ಬೆಳಗ್ಗೆ, ಕಂಡೂ ಕಾಣದ ಹಾಗೆ ಒಂಚೂರು..."

ಇದು ಅಂಟುವ ಬೇನೆಯಲ್ಲ, ಕಾಡಿಗೆಯ ಉರಿ, ನಿಲ್ಲಿಸಿದರೆ ತಾನೇ ಇಳಿಯುತ್ತದೆ ಎಂದು ಡಾಕ್ಟರು ಕಣ್ಣಿಗೆ ಹನಿ ಹಾಕಿ ಕಳುಹಿಸಿದರು. ಅತ್ತೆ ಮನೆಗೆ ಬಂದವರೇ ಸ್ನಾನ ಮಾಡಿ, ಮಡಿ ಸೀರೆ ಉಟ್ಟರು. ಅಡಿಗೆಮನೆಗೆ ಹೋಗುತ್ತಾರೆ ಎಂದುಕೊಂಡೆ. ಬಹಳ ಹೊತ್ತಾದರೂ ಪಾತ್ರೆಯ ಸದ್ದಿಲ್ಲ. ಮನೆಯೆಲ್ಲ ಹುಡುಕಿ, ಕೊನೆಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತಾರಸಿ ಹತ್ತಿದೆ.

ಅತ್ತೆ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಆ ಮಡಿ ಸೀರೆಯ ಮೇಲೆ ತಲೆಯಿಟ್ಟು ಅತ್ತಿಗೆ ನಿದ್ದೆಹೋಗಿದ್ದರು. ಮಗಳ ಬಿರಿದ ಕೈಗಳಿಗೆ ಅತ್ತೆ ಬೆರಳ ತುದಿಯಿಂದ ಬೆಣ್ಣೆ ಸವರುತ್ತಿದ್ದರು.

"ಮೆಲ್ಲಗೆ," ಎಂದರು. "ಎಷ್ಟು ದಿನ ಆಯ್ತೋ ಪಾಪ, ಕಾಡಿಗೆ ಹಚ್ಚಿದ್ದು ನಾನು ಅಂದಮೇಲೆ ಈಗ ಕಣ್ಣು ಮುಚ್ಚಿದಾಳೆ."

ನಾನು ಚಾಪೆಯ ಮೇಲೆ, ಅತ್ತಿಗೆಯ ಪಕ್ಕದಲ್ಲಿ, ಮಗುವನ್ನು ಮಲಗಿಸಿದೆ.