ಫಲಶಾಕ ಹೋಮ

ವಿಜಯಸಾರಥಿ ಆ ಭಾನುವಾರ ಬಾಯಿತಪ್ಪಿ ಹೇಳಿದ್ದು ಒಂದೇ ಸುಳ್ಳು, ಅದೂ ಎರಡಕ್ಷರದ್ದು. ದೊಡ್ಡ ಸುಳ್ಳು ಹೇಳುವ ಧೈರ್ಯ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಸಾಸಿವೆಯಷ್ಟು ಸುಖಕ್ಕೆ ಸಾಗರದಷ್ಟು ದುಃಖ ಅನ್ನುತ್ತಾರಲ್ಲ, ಅವನ ಪಾಲಿನ ಸಾಸಿವೆ ಒಂದು ಹೋಳು ಅನಾನಸ್ ಹಣ್ಣು.

ವಿಜಯಸಾರಥಿ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಬೇಲೂರಿನಲ್ಲಿ, ದೇವಸ್ಥಾನದ ಹಿಂದಿನ ಬೀದಿ. ತಾತನ ಕಾಲದವರೆಗೆ ಮನೆತನಕ್ಕೆ ದೇವರ ಕೈಂಕರ್ಯವಿತ್ತು. ಕೈಂಕರ್ಯ ತಾತನೊಂದಿಗೆ ಹೋಯಿತು; ಮಡಿ ಮಾತ್ರ ತಾಯಿ ಚೆಲುವಾಂಬನವರ ಸೆರಗು ಹಿಡಿದು ಮನೆಯಲ್ಲೇ ಉಳಿಯಿತು. ಹಿಂದೊಮ್ಮೆ ಮಗ ತಿಂದ ಬೇಕರಿ ಕೇಕಿನಲ್ಲಿ ಮೊಟ್ಟೆಯಿತ್ತೆಂದು ತಿಳಿದಾಗ, ಅವನ ತಟ್ಟೆ ಲೋಟವನ್ನು ಹಿತ್ತಿಲ ಒಗೆಯುವ ಕಲ್ಲಿನ ಮೇಲಿಟ್ಟವರು ಯುಗಾದಿಯವರೆಗೂ ಒಳಗೆ ತಂದಿರಲಿಲ್ಲ.

ಇಂಥ ಮನೆಯ ಮಗ ಯಾರದೋ ಆರತಕ್ಷತೆಯಲ್ಲಿ, ಕೆಂಡದ ಮೇಲೆ ಸುಟ್ಟು ಉಪ್ಪು ಖಾರ ಉದುರಿಸಿದ ಅನಾನಸ್ ತಿಂದುಬಿಟ್ಟ. ಅಂದಿನಿಂದ ಅವನಿಗೆ ಅದೇ ಧ್ಯಾನ. ತರಗತಿಯಲ್ಲಿ ದಹನಕ್ರಿಯೆಯ ಪಾಠ ಬಂದರೆ ಸಾಕು, ಬಾಯಲ್ಲಿ ನೀರೂರುತ್ತಿತ್ತು. ಕೊನೆಗೊಂದು ದಿನ ತಡೆಯಲಾರದೆ ಡ್ರಿಲ್ ಮೇಷ್ಟ್ರು ತಿಮ್ಮೇಶನ ಹತ್ತಿರ ಬಾಯಿಬಿಟ್ಟ. ಹಗರೆಯ ತಿಮ್ಮೇಶನ ಮನೆಯಲ್ಲಿ, ವೆಲ್ಡಿಂಗ್ ಅಂಗಡಿಗೆ ಹೇಳಿ ಮಾಡಿಸಿದ ಗ್ರಿಲ್ಲಿತ್ತು. ನಾಲ್ಕು ಮೂಲೆಯ ಕಬ್ಬಿಣದ ತೊಟ್ಟಿ, ಗಿಡ್ಡ ಕಾಲುಗಳು, ಮೇಲೊಂದು ಸರಳಿನ ಜಾಲರಿ.

"ತಗಂಡೋಗಿ ಸಾರ್," ಎಂದ ತಿಮ್ಮೇಶ. "ಆದ್ರೆ ಅದು ಕೋಳಿ ಕಂಡಿರೋ ಗ್ರಿಲ್ಲು. ಚೆನ್ನಾಗಿ ಉಜ್ಜಿ ಕೊಡ್ತೀನಿ. ಅಮ್ಮಾರಿಗೆ ಗೊತ್ತಾದ್ರೆ ಮಾತ್ರ ನನ್ನ ಹೆಸ್ರು ಎತ್ಬೇಡಿ."

ಅಮ್ಮನಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ಹೇಗೆಂದು ಅವನು ತಲೆ ಕೆಡಿಸಿಕೊಂಡಿರುವಾಗಲೇ ಚೆಲುವಾಂಬನವರು, ಭಾನುವಾರ ಮಾಲೇಕಲ್ಲಿಗೆ ಹೋಗಿಬರುತ್ತೇನೆ ಎಂದರು. ಮಂಡಿನೋವಿನಿಂದ ಜಗಲಿಯ ಮೆಟ್ಟಿಲಿಳಿಯಲೂ ಗೋಡೆ ಹಿಡಿಯುವವರಿಗೆ ಬೆಟ್ಟದ ಮೇಲಿನ ವೆಂಕಟರಮಣ ಯಾಕೆ ನೆನಪಾದನೆಂದು ಮಗ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಬೆಳಗಿನ ಅರಸೀಕೆರೆ ಬಸ್ಸಿನಲ್ಲಿ ತಾನೇ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಅವಸರ ಮಾಡಬೇಡ, ಸಂಜೆಗೆ ಬಂದರೂ ಸಾಕು ಎಂದು ಹೇಳಿ ಬಂದ.

ಹಿತ್ತಿಲಲ್ಲಿ ಗ್ರಿಲ್ಲು ನಿಂತಿತು, ಇದ್ದಿಲು ಹೊತ್ತಿಕೊಂಡಿತು. ಹೆಂಡತಿ ಮೇಧಿನಿ ಅನಾನಸ್, ಗೆಣಸು, ಜೋಳದ ತೆನೆ, ದಪ್ಪ ಮೆಣಸಿನಕಾಯಿ, ಈರುಳ್ಳಿ, ಖಾರ ಹಚ್ಚಿ ನೆನೆಸಿದ ಪನೀರ್ ಎಲ್ಲವನ್ನೂ ದೊಡ್ಡ ತಟ್ಟೆಯಲ್ಲಿ ಜೋಡಿಸಿ ತಂದಳು. "ಅತ್ತೆ ಹೊರಡೋವಾಗ..." ಎಂದು ಏನೋ ಹೇಳಲು ಹೊರಟವಳನ್ನು, ಇವತ್ತೊಂದು ದಿನ ಅತ್ತೆಯ ಸುದ್ದಿ ಎತ್ತಬೇಡ ಎಂದು ಗಂಡ ಅಲ್ಲಿಗೇ ತಡೆದ. ಕೆಂಡದ ಝಳಕ್ಕೆ ಅಂಗಿ ಬಿಚ್ಚಿ ತಂತಿಯ ಮೇಲೆ ಹಾಕಿದ. ತುಪ್ಪ ಸವರಲು ಬ್ರಷ್ ಸಿಗದೆ ಒಂದು ಮಾವಿನೆಲೆ ಕಿತ್ತು ಬಟ್ಟಲಿಗೆ ಅದ್ದಿದ.

ಮೊದಲ ಗೆಣಸು ಜಾಲರಿಯ ಮೇಲೆ ಕೂರುವಷ್ಟರಲ್ಲಿ ಗೋಡೆಯ ಮೇಲೆ ಪಕ್ಕದ ಮನೆಯ ಅನುಸೂಯಮ್ಮನವರ ತಲೆ ಮೂಡಿತು. ಆ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವರಿಗೆ ಗೊತ್ತಾಗುತ್ತಿತ್ತು, ಆಮೇಲೆ ಚೆಲುವಾಂಬನವರಿಗೆ.

"ಏನ್ರೀ ಮೇಷ್ಟ್ರೇ, ಇಷ್ಟೊಂದು ಹೊಗೆ?"

ವಿಜಯಸಾರಥಿ ತನ್ನನ್ನು ತಾನೇ ಒಮ್ಮೆ ನೋಡಿಕೊಂಡ. ಬರಿಮೈ, ಜನಿವಾರ, ಪಂಚೆ, ಕೈಯಲ್ಲಿ ತುಪ್ಪ ಅದ್ದಿದ ಮಾವಿನೆಲೆ, ಎದುರಿಗೆ ನಾಲ್ಕು ಮೂಲೆಯ ಬೆಂಕಿ. ನಾಲಿಗೆ ತಾನಾಗಿಯೇ ಹೊರಳಿತು.

"ಹೋಮ," ಎಂದ.

"ಯಾವ ಹೋಮ?"

ಅವನು ತಟ್ಟೆಯ ಕಡೆ ನೋಡಿದ. "ಫಲ... ಶಾಕ. ಫಲಶಾಕ ಹೋಮ. ಬಹಳ ಅಪರೂಪದ್ದು."

"ಮಾಡಿದ್ರೆ ಏನ್ ಸಿಗತ್ತೆ?"

"ಮನಸ್ಸಲ್ಲಿ ಅಂದುಕೊಂಡಿದ್ದು," ಎಂದ ಅನಾನಸ್ ನೋಡುತ್ತ. ಅದೊಂದು ಮಾತಾದರೂ ನಿಜವಾಗಿತ್ತು.

ತಲೆ ಮಾಯವಾಯಿತು. ಪೀಡೆ ತೊಲಗಿತೆಂದು ಅವನು ಗೆಣಸು ಮಗುಚಲು ಬಾಗಿದ. ಅದು ಮಗುಚಿಕೊಳ್ಳುವ ಮೊದಲೇ ಅನುಸೂಯಮ್ಮ ಮಡಿಸೀರೆಯುಟ್ಟು, ತುಪ್ಪದ ಡಬ್ಬಿ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ, ಎಷ್ಟು ಹುಡುಕಿದರೂ ಹೆಣ್ಣು ಸಿಗದ ಮಗ ಉದಯಕುಮಾರ್. ಅವನ ಹಿಂದೆ, ಸೈಟಿನ ವ್ಯಾಜ್ಯದಲ್ಲಿ ತಲೆ ನರೆತ ರಿಟೈರ್ಡ್ ಕಂಡಕ್ಟರ್ ಗಿಡ್ಡಪ್ಪ. ಅವರ ಹಿಂದೆ ಅರ್ಧ ಬೀದಿ, ಚಾಪೆ ಸಮೇತ. ಅಂದುಕೊಂಡಿದ್ದು ಸಿಗುತ್ತದೆ ಎಂದರೆ ಬಿಡುವವರು ಯಾರು?

ಹೋಮಕುಂಡಕ್ಕೆ ಜಾಲರಿ ಯಾಕೆಂದು ಅನುಸೂಯಮ್ಮ ಮೇಲಿದ್ದ ಗೆಣಸನ್ನು ತಟ್ಟೆಗೆ ಉರುಳಿಸಿ, ಅದನ್ನು ಸೆರಗಿನಿಂದ ಹಿಡಿದೆತ್ತಿ ಗೋಡೆಗೆ ಒರಗಿಸಿದರು. ಮೇಧಿನಿ ಈರುಳ್ಳಿಯನ್ನೆಲ್ಲ ಸೆರಗಿನೊಳಗೆ ಬಾಚಿಕೊಂಡು ಒಳಗೆ ಓಡಿದಳು. ತಿರುಗಿ ಬಂದು, ಜನರ ಸಂದಿಯಿಂದ ಗಂಡನಿಗೆ ಕಣ್ಣು ಬಾಯಿ ಕೈ ಎಲ್ಲ ಆಡಿಸತೊಡಗಿದಳು. ಧೈರ್ಯವಾಗಿ ಮುಂದುವರಿಸಿ ಅನ್ನುತ್ತಿದ್ದಾಳೆಂದು ಅವನು ತಿಳಿದ.

ಮಂತ್ರವೆಂದರೆ ಅವನಿಗೆ ಬರುತ್ತಿದ್ದದ್ದು ವಿಷ್ಣುಸಹಸ್ರನಾಮ, ಅದೂ ಅರ್ಧ. ಒಂದೊಂದು ನಾಮಕ್ಕೂ ಒಂದೊಂದು ಸ್ವಾಹಾ ಕಟ್ಟಿ ಹೇಳತೊಡಗಿದ. ಪ್ರತಿ ಸ್ವಾಹಾಕ್ಕೂ ಅನುಸೂಯಮ್ಮ ತಟ್ಟೆಯಿಂದ ಒಂದು ಹೋಳು ತೆಗೆದು ಬೆಂಕಿಗೆ ಹಾಕಿ ಮೇಲೊಂದು ಚಮಚ ತುಪ್ಪ ಸುರಿದರು. ಗೆಣಸು ಹೋಯಿತು, ಜೋಳ ಹೋಯಿತು. ಪನೀರ್ ಬಿದ್ದಾಗ ಖಾರದ ಘಾಟಿಗೆ ಹಿತ್ತಿಲೆಲ್ಲ ಕೆಮ್ಮಿತು. ಘಾಟು ಬಂತು ಅಂದರೆ ಯಾರಿಗೂ ದೃಷ್ಟಿಯಾಗಿಲ್ಲ ಅಂತ ಅರ್ಥ ಎಂದು ಗಿಡ್ಡಪ್ಪ ಕೆಮ್ಮುತ್ತಲೇ ಎಲ್ಲರಿಗೂ ಸಮಾಧಾನ ಹೇಳಿದರು. ಅನಾನಸ್ ಹೋಳನ್ನು ವಿಜಯಸಾರಥಿ ತೊಡೆಯ ಹಿಂದೆ ಸರಿಸಿಟ್ಟುಕೊಂಡಿದ್ದ. ಅನುಸೂಯಮ್ಮ ಅದನ್ನೂ ಕಂಡುಹಿಡಿದು, ಇದು ಪೂರ್ಣಾಹುತಿಗೆ ಅಲ್ಲವೇ ಎಂದು ತಾವೇ ಎತ್ತಿ ಹಾಕಿದರು. ಅದು ಚುರ್ರೆಂದು ಸದ್ದು ಮಾಡಿ, ಘಮ್ಮೆಂದು ವಾಸನೆ ಬಿಟ್ಟು, ಕಪ್ಪಗಾಯಿತು. ಹೊಗೆಯ ನೆಪದಲ್ಲಿ ಅವನು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಚೆಲುವಾಂಬನವರು ಬಂದರು. ಸಂಜೆಗೆ ಬರಬೇಕಾದವರು ಮಧ್ಯಾಹ್ನದ ಬಸ್ಸಿಗೇ ಬಂದಿದ್ದರು. ಎಂಥ ಮಗನನ್ನು ಪಡೆದಿದ್ದೀರಿ ಎಂದು ಅನುಸೂಯಮ್ಮ ಎದ್ದು ನಮಸ್ಕಾರ ಮಾಡಿದರು. ಚೆಲುವಾಂಬನವರು ಕುಂಡ ನೋಡಿದರು, ಬರಿದಾದ ತಟ್ಟೆ ನೋಡಿದರು, ಮಗನ ಮುಖ ನೋಡಿದರು. ಕೈ ಚಾಚಿ ಮಂಗಳಾರತಿ ತೆಗೆದುಕೊಂಡರು. ಕೊನೆಯಲ್ಲಿ ಅನುಸೂಯಮ್ಮ ಗ್ರಿಲ್ಲಿನ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದರು. ಬೀದಿ ಮನೆಗೆ ಹೋಯಿತು.

ವಿಜಯಸಾರಥಿಯ ಎದೆ ಹಗುರಾಯಿತು. ಹಸಿದಿದ್ದ ನಿಜ, ಮಸಿಯಾಗಿದ್ದ ನಿಜ. ಆದರೆ ಅಮ್ಮನಿಗೆ ಗೊತ್ತಾಗಲಿಲ್ಲವಲ್ಲ, ಅಷ್ಟು ಸಾಕಾಗಿತ್ತು.

"ನನ್ನ ಗೆಣಸು ಎಲ್ಲೋ?" ಎಂದರು ಚೆಲುವಾಂಬನವರು.

ಅವನಿಗೆ ಅರ್ಥವಾಗಲಿಲ್ಲ.

"ಒಂದು ಗೆಣಸು, ಒಂದು ಹೋಳು ಅನಾನಸ್ ಎತ್ತಿಡು ಅಂತ ಮೇಧಿನಿಗೆ ಹೇಳಿ ಹೋಗಿದ್ದೆ. ನಾನು ಎದುರಿಗಿದ್ರೆ ನಿನಗೆ ಸಂಕೋಚ ಅಂತ ತಾನೇ ಈ ಮಂಡಿ ಇಟ್ಕೊಂಡು ಮಾಲೇಕಲ್ಲಿಗೆ ಹೋಗಿದ್ದು. ಬೆಟ್ಟ ಹತ್ತಲಿಲ್ಲ, ಕೆಳಗಿಂದ್ಲೇ ಕೈ ಮುಗಿದು ಬಂದೆ. ಬಿಸಿಬಿಸೀಲಿ ತಿನ್ನೋಣ ಅಂತ ಬೇಗ ಬಂದ್ರೆ ನೀನು ಎಲ್ಲ ಅಗ್ನಿಗೆ ಕೊಟ್ಟು ಕೂತಿದೀಯ."

ಇದನ್ನೇ ಹೇಳಲು ಬಂದರೆ ನೀವು ಬಿಟ್ಟರೆ ತಾನೇ ಎಂದಳು ಮೇಧಿನಿ.

ವಿಜಯಸಾರಥಿ ಕಷ್ಟಪಟ್ಟು ಬಾಯಿ ತೆರೆದ. "ಅಮ್ಮಾ, ಇದು ತಿಮ್ಮೇಶನ ಮನೇದು. ಇದರಲ್ಲಿ... ಕೋಳಿ..."

"ಗೊತ್ತು ಕಣೋ, ಮೇಧಿನಿ ಎಲ್ಲ ಹೇಳಿದಾಳೆ. ಬೆಂಕಿಗೆ ಮೈಲಿಗೆ ಎಲ್ಲಿದೆ?"

ಎಷ್ಟೋ ತಿಂಗಳ ಭಾರ ಅವನ ತಲೆಯಿಂದ ಇಳಿಯಿತು. ಸಂತೆಗೆ ಓಡಿಹೋಗಿ ಇನ್ನೊಂದು ಅನಾನಸ್ ತರುತ್ತೇನೆ, ಕೆಂಡ ಇನ್ನೂ ಆರಿಲ್ಲ, ಈಗಲೇ ಸುಡೋಣ ಎಂದು ಅಂಗಿಗೆ ಕೈ ಹಾಕಿದ.

ಚೆಲುವಾಂಬನವರು ಅವನನ್ನು ವಿಚಿತ್ರವಾಗಿ ನೋಡಿದರು. "ಬುದ್ಧಿ ಇದೆಯೇನೋ ನಿನಗೆ? ಹೋಮ ಆದ ಕುಂಡದಲ್ಲಿ ಯಾರಾದ್ರೂ ತಿಂಡಿ ಸುಡ್ತಾರಾ? ಆರಿದ ಮೇಲೆ ಒರೆಸಿ ದೇವರ ಮನೇಲಿಡು. ಬರೀ ಕೋಳಿ ಸುಟ್ಟಿದ್ದಾಗಿದ್ರೆ ಬೇರೆ ಮಾತು."

ಹೇಳಿದಂತೆ ಇಟ್ಟ. ರಾತ್ರಿಗೆ ಮೇಧಿನಿ ಸೆರಗಿನಲ್ಲಿ ಉಳಿಸಿದ್ದ ಈರುಳ್ಳಿಯ ಹುಳಿ ಎಂದು ತೀರ್ಮಾನವಾಯಿತು. ಆದರೆ ಸಂಕಲ್ಪ ಮಾಡಿ ಹೋಮಕ್ಕೆ ಕೂತವನು ಈ ದಿನ ಈರುಳ್ಳಿ ಮುಟ್ಟುವ ಹಾಗಿಲ್ಲ ಎಂದು ಚೆಲುವಾಂಬನವರು ಅದನ್ನೂ ಅವನಿಗೆ ತಪ್ಪಿಸಿದರು. ಆಗಲೇ ಫೋನ್ ಬಂತು. ತಿಮ್ಮೇಶ.

"ಸಾರ್, ಮನೆಗೆ ನೆಂಟ್ರು ಬಂದವ್ರೆ. ಕೋಳಿಗೆ ಮಸಾಲೆ ಹಚ್ಚಿ ಮಡಗಿವ್ನಿ. ಗ್ರಿಲ್ಲು ತಗಂಡೋಗಾಕೆ ಬತ್ತಾ ಇವ್ನಿ, ಬಾಗಿಲಿಗೆ ತಂದಿಟ್ಬುಡಿ."

ವಿಜಯಸಾರಥಿ ದೇವರ ಮನೆಯ ಕಡೆ ತಿರುಗಿದ. ಚೆಲುವಾಂಬನವರು ಗ್ರಿಲ್ಲಿನೊಳಗೆ ದೀಪ ಹಚ್ಚಿಟ್ಟು, ಮತ್ತೆ ಬಂದಿದ್ದ ಅನುಸೂಯಮ್ಮನವರ ಜೊತೆ ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು.