ಕುಮಾರಸ್ವಾಮಿಯ ಶವರ್ ಸ್ನಾನ

ನೀರೆತ್ತುವ ಮೋಟರ್ ಹಾಕಿದ ಕೂಡಲೇ ಮೀಟರಿನ ಪಕ್ಕದ ಡಬ್ಬಿಯೊಳಗೆ ‘ಟಪ್’ ಎಂದು ಸ್ವಿಚ್ಚು ಬಿತ್ತು. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು. ಕುಮಾರಸ್ವಾಮಿ ಬಿದ್ದ ಸ್ವಿಚ್ಚನ್ನು ಮೇಲೆತ್ತಿ ಮತ್ತೆ ಮೋಟರ್ ಹಾಕಿದ. ಮತ್ತೆ ಟಪ್. ಮೂರನೆಯ ಸಲ ಅದರ ಜೊತೆಗೆ ಸುಟ್ಟ ವಾಸನೆಯೂ ಬಂತು.

ಬೇರೆ ದಿನವಾಗಿದ್ದರೆ ಅವನು ಹಾಸಿಗೆಗೆ ಮರಳಿ ಇನ್ನೊಂದು ನಿದ್ದೆ ತೆಗೆಯುತ್ತಿದ್ದ. ಆದರೆ ಉಣಕಲ್ಲಿನ ಅವನ ಓಣಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದೂ ಮೂರು ತಾಸು. ಈ ಭಾನುವಾರ ಆ ದಿನ. ಬಚ್ಚಲುಮನೆಯಲ್ಲಿ ಶವರ್ ಹಾಕಿಸಿ ಮೂರು ತಿಂಗಳಾಗಿದ್ದರೂ ಅದರಿಂದ ಒಂದು ಹನಿ ಇಳಿದಿರಲಿಲ್ಲ. “ಅದರ ಬುಡಕ ಒಬ್ರು ನಿಂತ್ರ ಮನಿ ಮಂದಿ ಎಲ್ಲಾರ ನೀರೂ ಖಾಲಿ” ಎಂದು ಹೆಂಡತಿ ನಾಗರತ್ನಾ ಕಟ್ಟಪ್ಪಣೆ ಹೊರಡಿಸಿದ್ದಳು. ಈಗ ಅವಳು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಬರುವುದು ನಾಳೆ ಬೆಳಿಗ್ಗೆ. ಅಂದರೆ ಇವತ್ತೊಂದು ದಿನ ತಾರಸಿಯ ಮೇಲಿನ ಟಾಕಿ ಪೂರ್ತಿ ಅವನದು.

ವಾರದಿಂದ ಅವನು ಇದೇ ಕನಸು ಕಾಣುತ್ತಿದ್ದ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುತ್ತ ಒತ್ತುತ್ತ ಕಣ್ಣು ಮುಚ್ಚಿದರೆ ನೆತ್ತಿಯ ಮೇಲೆ ನೀರು ಸುರಿಯುತ್ತಿತ್ತು. ತಂಬಿಗೆ ಎತ್ತುವ ಕೆಲಸವಿಲ್ಲ, ಕೊಡ ಖಾಲಿಯಾಗುವ ಹೆದರಿಕೆಯಿಲ್ಲ. ಸುಮ್ಮನೆ ನಿಲ್ಲುವುದು, ನೀರು ತಾನೇ ಬೆನ್ನಿನ ಮೇಲೆ ಇಳಿದು ಹೋಗುವುದು. ಆ ಸುಖದಲ್ಲಿ ಅವನು ಒಬ್ಬ ಹುಡುಗಿಯ ಅಂಗೈಗೇ ಮುದ್ರೆ ಒತ್ತಿಬಿಟ್ಟಿದ್ದ.

ಮೂರನೆಯ ಟಪ್ ಕೇಳಿ ಪಕ್ಕದ ಮನೆಯ ಮಹಾಂತಯ್ಯ ಒಳಬಂದರು. ತಾಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಅವರು ಎಲ್ಲ ವಿದ್ಯೆಗಳಲ್ಲೂ ಪಾರಂಗತರಾಗಿದ್ದರು. ಕೈಯಲ್ಲಿ ಹೆಬ್ಬೆರಳು ದಪ್ಪದ ತಾಮ್ರದ ತಂತಿಯ ಸುರುಳಿ ಇತ್ತು.

“ಸ್ವಿಚ್ಚ್ ಬೀಳಾಕತ್ತೇತಿ ಅಂದ್ರ ಅದಕ್ಕ ದಮ್ಮಿಲ್ಲ ಅಂತ ತಿಳಿ. ಕಿತ್ತ ಒಗದು ಈ ತಂತಿ ಜೋಡಸು. ಆನಿ ಬಂದ್ರೂ ಬೀಳೂದಿಲ್ಲ.”

ಎದುರು ಮನೆಯ ಮುದಕವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆಯೇ ಬಂದಳು. “ಅಷ್ಟ್ಯಾಕ ತ್ರಾಸ? ಸ್ವಿಚ್ಚಿಗೆ ದಾರ ಹಾಕಿ ಮ್ಯಾಲಿನ ಮೊಳಿಗೆ ಜಗ್ಗಿ ಕಟ್ಟಪಾ. ಹೆಂಗ ಬೀಳ್ತದ ನೋಡೂಣು.”

ಕುಮಾರಸ್ವಾಮಿ ಕನಸುಗಾರನೇ ಹೊರತು ಹುಂಬನಲ್ಲ. ತನ್ನ ಆಯುಷ್ಯದಲ್ಲೇ ಅತ್ಯಂತ ಶಹಾಣ್ಯಾತನದ ಕೆಲಸವನ್ನು ಅವನು ಆಗ ಮಾಡಿದ: ಇಬ್ಬರಿಗೂ ಕೈಮುಗಿದು, ಬೆಂಗೇರಿಯ ಎಲೆಕ್ಟ್ರಿಷಿಯನ್ ಅಹಮದಸಾಬನಿಗೆ ಫೋನ್ ಮಾಡಿದ.

“ಸುಟ್ಟ ವಾಸನಿ ಬಂದೇತಿ ಅಂದ್ರ ಏನೂ ಮುಟ್ಟಬ್ಯಾಡ್ರಿ ಸರ. ಮೇನ್ ತಗದ ಇಡ್ರಿ. ಸ್ವಿಚ್ಚ್ ಬಿದ್ದೇತಲ್ಲ, ಅದು ನಿಮ್ಮನಿ ಕಾವಲುಗಾರ. ಅಂವ ಒದರಾಕತ್ತಾನ ಅಂತ ಅವನ ಬಾಯಿ ಕಟ್ಟಬಾರ್ದು.”

“ಲಗೂನ ಬರ್ರಿ ಮತ್ತ.”

“ಹೆಂಗ್ ಬರ್ಲಿ? ಇವತ್ತ ನಮ್ಮ ಓಣ್ಯಾಗೂ ನೀರ ಬಂದಾವು. ನೀರಿನ ದಿನ ಮನಿ ಬಿಟ್ಟ ಹೊಂಟ್ರ ನಮ್ಮನಿಯಾಕಿ ಖಾತುನಬಿ ನನ್ನ ಒಳಗ ಬಿಟ್ಕೋತಾಳೇನ್ರಿ?”

ಕುಮಾರಸ್ವಾಮಿ ಮೇನ್ ಆಫ್ ಮಾಡಿ, ಮನೆಗೆ ಕೀಲಿ ಹಾಕಿ, ಸ್ಕೂಟರ್ ಹತ್ತಿ ಬೆಂಗೇರಿಗೆ ಹೋದ. ಅಹಮದಸಾಬ ಓಣಿಯ ಕೊನೆಯ ನಲ್ಲಿಯಿಂದ ಕೊಡ ಹೊರುತ್ತಿದ್ದ. ಮನೆಯ ಮುಂದೆ ನಾಲ್ಕು ಡ್ರಮ್ಮು ಬಾಯಿ ತೆರೆದು ನಿಂತಿದ್ದವು.

“ನಿಮ್ಮನ್ಯಾಗ ಮೋಟರ್ ಇಲ್ಲೇನು?” ಎಂದ ಕುಮಾರಸ್ವಾಮಿ ಬೆರಗಾಗಿ.

“ಕೆಟ್ಟ್ರ ರಿಪೇರಿಗೆ ಯಾರನ್ನ ಕರೀಲ್ರಿ?”

ಇಬ್ಬರೂ ಹೊತ್ತರೆ ಬೇಗ ಮುಗಿಯುತ್ತದೆಂದು ಕುಮಾರಸ್ವಾಮಿ ಪ್ಯಾಂಟು ಮಡಚಿದ. ಫೋನು ತೊಯ್ದೀತೆಂದು ಖಾತುನಬಿಯ ಅಡುಗೆಮನೆಯ ಗೋಡೆಯ ಗೂಡಿನಲ್ಲಿಟ್ಟ. ಎರಡು ಕೊಡ ಆಗುವಷ್ಟರಲ್ಲಿ ಅಹಮದಸಾಬನ ಫೋನು ಬಡಿದುಕೊಂಡಿತು.

“ಹೊಗಿ? ಬೋರ್ಡಿನಿಂದ? ದೂರ ನಿಲ್ರಿ, ಬಂದೆ!” ಅವನು ಕೊಡ ಇಳಿಸಿದ. “ಸರ, ಒಬ್ರ ಮನ್ಯಾಗ ವೈರ್ ಸುಡಾಕತ್ತೇತಿ. ಇದು ತಡ್ಯೂ ಕೆಲಸಲ್ಲ. ಸ್ಕೂಟರ್ ಕೊಡ್ರಿ, ಹಿಂಗ ಹೋಗಿ ಹಂಗ ಬರ್ತೇನಿ. ನೀರಿಗೆ ಹೆಂಗೂ ನೀವ ಅದೀರಿ.”

ಇಲ್ಲ ಎನ್ನುವುದು ಕುಮಾರಸ್ವಾಮಿಗೆ ಹುಟ್ಟಿನಿಂದಲೇ ಬಾರದು. ಅವನು ಹೊತ್ತ. ಹೆಗಲ ಮೇಲಿನ ಕೊಡ ತುಳುಕಿ ನೀರು ತಣ್ಣಗೆ ಬೆನ್ನಿಗಿಳಿದಾಗ ಕಣ್ಣು ತಾನಾಗಿ ಮುಚ್ಚಿತು. ಶವರಿನ ಕೆಳಗೇ ನಿಂತಂತಾಯಿತು. ಹಾಗೇ ತೇಲುತ್ತ ಅಹಮದಸಾಬನ ಮನೆ ದಾಟಿ ಪಕ್ಕದ ಓಣಿಯ ಯಾರದೋ ಹಿತ್ತಿಲಿಗೆ ಹೋಗಿ ಕೊಡ ಇಳಿಸಿದ. ಅವರು ಬಹಳ ಉಪಕಾರವಾಯಿತೆಂದರು.

“ಸರ, ಆ ನೀಲಿ ಡ್ರಮ್ ಇನ್ನಾ ಅರ್ಧಾ ಐತ್ರಿ” ಎಂದು ಖಾತುನಬಿ ಬಾಗಿಲಲ್ಲಿ ನಿಂತು ಎಚ್ಚರಿಸುತ್ತಿದ್ದಳು.

ನಾಲ್ಕನೆಯ ಡ್ರಮ್ಮು ಕಂಠಮಟ್ಟ ತುಂಬುವ ಹೊತ್ತಿಗೆ ಅಹಮದಸಾಬ ಬಂದ. ಮುಖದಲ್ಲಿ ಕೆಲಸ ಚೆನ್ನಾಗಿ ಮಾಡಿದ ಸಮಾಧಾನವಿತ್ತು.

“ನಿಮ್ಮ ಓಣಿಗೇ ಹೋಗಿದ್ನಲ್ರಿ! ಮಹಾಂತಯ್ಯನವರು ತಮ್ಮ ತಂತಿ ಖರೇ ಕೆಲಸ ಮಾಡ್ತೇತಿ ಅಂತ ಓಣಿಗೆಲ್ಲ ತೋರಸಾಕ ತಮ್ಮನಿ ಬೋರ್ಡಿಗೇ ಜೋಡಿಸಿದ್ರು. ಗ್ವಾಡಿ ಕರ್ರಗ ಆಗೇತಿ. ಅದನ್ನ ಛಲೋ ಮಾಡಿ ಕೊಟ್ಟೆ. ಅಷ್ಟರಾಗ ನಿಮ್ಮ ಎದರ ಮನಿ ಮುದುಕಿ ತನ್ನ ಮನಿಗೆ ಜಗ್ಗಿಕೊಂಡ ಹೋದ್ಳು. ಅಕಿ ಬೋರ್ಡಿನ ಸಡ್ಲ ವೈರೂ ಬಿಗಿ ಮಾಡಿದೆ. ಇಬ್ಬರ ಟಾಕಿನೂ ತುಂಬಿ ಹರದಾವು.”

ಕುಮಾರಸ್ವಾಮಿ ಕೈಯ ಕೊಡ ಕೆಳಗಿಟ್ಟ. “ನಂದು?”

“ನಿಮ್ಮನಿಗೆ ಕೀಲಿ ಹಾಕಿತ್ತಲ್ರಿ. ನಾಕ ಸಲ ಫೋನ್ ಮಾಡಿದೆ, ನೀವ ಎತ್ತಲಿಲ್ಲ.”

ಅವನು ಓಡಿ ಹೋಗಿ ಗೂಡಿನಲ್ಲಿದ್ದ ಫೋನು ತೆಗೆದ. ಅಹಮದಸಾಬನ ನಾಲ್ಕು ಕರೆಗಳಿದ್ದವು. ಅವುಗಳ ಮೇಲೆ ನಾಗರತ್ನಾಳದೊಂದು ಸಂದೇಶ: ‘ಟಾಕಿ ತುಂಬಿತೇನ್ರಿ?’

“ಈಗ ಹೋಗೂಣು, ಬರ್ರಿ!”

“ನಿಮ್ಮಲ್ಲಿ ನೀರ ಬರೂದು ನಿಂತೇತ್ರಿ.”

“ಹಂಗಾರ ನಾಳೆ?”

“ಒಣಾ ಮೋಟರ್ ಓಡಿಸಿದ್ರ ಉಳದದ್ದೂ ಸುಡ್ತದ. ನೀರ ಇದ್ದಾಗನ ಹಚ್ಚಿ ನೋಡಬೇಕು, ಎಲ್ಲಿ ತಪ್ಪೇತಿ ಅಂತ ತಿಳೀತದ. ಮುಂದಿನ ನೀರಿನ ದಿನ ಖಂಡಿತ ಮಾಡೂಣು.”

ಕುಮಾರಸ್ವಾಮಿಗೆ ಅಳುವೇ ಬಂತು. ನಾಳೆ ನಾಗರತ್ನಾ ಬರುತ್ತಾಳೆ. ಶವರ್ ಹೋಗಲಿ, ಮುಖ ತೊಳೆಯಲು ತಂಬಿಗೆ ನೀರಿಲ್ಲ. “ಅವತ್ತ ನಿಮ್ಮ ಓಣ್ಯಾಗೂ ನೀರ ಬರ್ತಾವಲ್ರಿ?” ಎಂದ ಕ್ಷೀಣವಾಗಿ.

ಅಹಮದಸಾಬ ತಲೆ ಕೆರೆದುಕೊಂಡು ಹೆಂಡತಿಯ ಮುಖ ನೋಡಿದ. ಖಾತುನಬಿ ತುಂಬಿದ ಡ್ರಮ್ಮುಗಳ ಮೇಲೆ ಒಂದೊಂದಾಗಿ ಮುಚ್ಚಳ ಹಾಕುತ್ತ ಬಹಳ ಪ್ರೀತಿಯಿಂದ ಹೇಳಿದಳು:

“ಅದಕ್ಯಾಕ ಚಿಂತಿ ಮಾಡ್ತೀರಿ ಸರ? ಇವತ್ತಿನಂಗ ಮುಂಜಾನೆ ಲಗೂನ ಬಂದಬಿಡ್ರಿ. ದೊಡ್ಡ ಕೊಡ ತಗದ ಇಟ್ಟಿರ್ತೇನಿ.”