ಫ್ಲೂ ಹೋದ ಮೇಲೆ ಬಂದವಳು

ಜ್ವರ ಊರಲ್ಲಿರುವಾಗ ಯಾರಿಗೂ ನಗು ಬರುವುದಿಲ್ಲ. ಅದು ಹೋದ ಮೇಲೆ ಮನೆಮನೆಗೆ ಹೋಗಿ "ನಿಮಗೆ ಜ್ವರ ಬಂದಿತ್ತೆ?" ಎಂದು ಕೇಳುವವರಿಗೆ ಮಾತ್ರ ದಿನಕ್ಕೊಂದು ಕಥೆ ಸಿಗುತ್ತದೆ. ಐವತ್ತರ ದಶಕದ ಕೊನೆಯ ಹೊತ್ತಿಗೆ ಮದರಾಸಿಗೆ ಹಡಗಿನಲ್ಲಿ ಫ್ಲೂ ಬಂದು ಊರಿಗೆ ಊರೇ ಮಲಗಿ ಎದ್ದಿತ್ತು. ಶಾಲೆಗಳಿಗೆ ರಜೆ ಕೊಟ್ಟರು, ಹೋಟೆಲಿನವರಿಗೆ ಲೋಟ ಕುದಿಸಿ ಎಂದರು, ಮನೆಯವರಿಗೆ ಒಬ್ಬರಿಂದೊಬ್ಬರು ದೂರ ಇರಿ ಎಂದರು. ಈ ಕ್ರಮಗಳಿಂದ ಜನರ ಆರೋಗ್ಯಕ್ಕೆ ಏನಾಯಿತು, ವ್ಯಾಪಾರಕ್ಕೆ ಏನಾಯಿತು ಎಂದು ವಿಚಾರಿಸಿ ಬರೆಯುವ ಕೆಲಸಕ್ಕೆ ಆರೋಗ್ಯ ಇಲಾಖೆಯ ನಮ್ಮ ಕಚೇರಿಯವರು ನನ್ನನ್ನು ಹಾಕಿದರು. ಹೆಂಗಸಾದರೆ ಅಡುಗೆಮನೆಯವರೆಗೂ ಬಿಡುತ್ತಾರೆ ಎಂಬುದು ಅವರ ಅಂದಾಜು.

ಮಡಿ

ತಿರುವಲ್ಲಿಕೇಣಿಯಲ್ಲಿ ನಮ್ಮ ಪೈಕಿಯವರದೇ ಒಂದು ಮನೆ. ಸೊಸೆ ಬಾಗಿಲು ತೆಗೆದಳು. ಮನೆಯವರು ಒಬ್ಬರಿಂದೊಬ್ಬರು ದೂರ ಇದ್ದಿರಾ ಎಂದು ಕೇಳಿದೆ.

"ನಮ್ಮತ್ತೆ ಮೂವತ್ತು ವರ್ಷದಿಂದ ಮಡಿ. ಮೊಮ್ಮಕ್ಕಳೂ ಮುಟ್ಟೋ ಹಾಗಿಲ್ಲ. ಸರ್ಕಾರಕ್ಕೆ ಈಗ ಹೊಳೀತು."

ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಬರೆದುಕೊಂಡೆ. ಹಾಗಾದರೆ ಅವರಿಗೆ ಜ್ವರ ಬರಲಿಲ್ಲ ಅನ್ನಿ ಎಂದೆ. ಮನೆಯಲ್ಲಿ ಮೊದಲು ಬಂದದ್ದೇ ಅವರಿಗಂತೆ. ಅದು ಹೇಗೆ ಎಂದು ಕೇಳಿದ್ದಕ್ಕೆ ಸೊಸೆ ಒಳಗೊಮ್ಮೆ ನೋಡಿ ದನಿ ತಗ್ಗಿಸಿದಳು.

"ಅತ್ತೆ ಮಡೀಲಿದ್ರು. ಜ್ವರ ಮೈಲಿಗೇಲಿ ಬಂತು."

ಲಾಭವೋ ನಷ್ಟವೋ

ಸೌಕಾರ್‌ಪೇಟೆಯ ಹತ್ತಿರ ಉಡುಪಿ ಕಡೆಯವರ ಒಂದು ಹೋಟೆಲು. ಫ್ಲೂ ಕಾಲದಲ್ಲಿ ಅಡುಗೆಯವರೆಲ್ಲ ಮಲಗಿಬಿಟ್ಟದ್ದರಿಂದ ಯಜಮಾನರೇ ಇಡ್ಲಿ ಹಿಟ್ಟು ರುಬ್ಬಿದ್ದರಂತೆ. ಬೆಳಗಿನ ಗಿರಾಕಿಗಳು ಕಡಿಮೆಯಾದರು ನಿಜ, ಆದರೆ ಮೆಣಸಿನ ಸಾರನ್ನು ಜನ ಹಿಡಿಕೆಯ ತೂಕುಪಾತ್ರೆ ತಂದು ತುಂಬಿಸಿಕೊಂಡು ಒಯ್ದರು ಎಂದೂ ಅವರೇ ಹೇಳಿದರು. ಒಟ್ಟಿನಲ್ಲಿ ಲಾಭ ಎಂದು ಬರೆಯಲೋ ನಷ್ಟ ಎಂದು ಬರೆಯಲೋ ಎಂದು ಕೇಳಿದೆ.

"ನಷ್ಟ ಅಂತ ಬರೆದ್ರೆ ಸರಕಾರ ತುಂಬಿಕೊಡ್ತದಾ?"

ಇಲ್ಲ ಎಂದೆ.

"ಲಾಭ ಅಂತ ಬರೆದ್ರೆ?"

ತೆರಿಗೆಯವರು ಬಂದು ನೋಡಿದರೂ ನೋಡಬಹುದು ಎಂದೆ. ಅವರು ನನಗೆ ಕಾಫಿ ತರಿಸಿದರು.

"ಎರಡೂ ಬೇಡ ಅಮ್ಮ. ಯಜಮಾನರಿಗೆ ಜ್ವರ ಇತ್ತು, ಏನೂ ನೆನಪಿಲ್ಲ ಅಂತ ಬರ್ಕೊಳ್ಳಿ."

ಬೀಗ

ಮೈಲಾಪುರದ ಒಂದು ಬೀದಿಯಲ್ಲಿ ಮಕ್ಕಳಿಗೆ ಜ್ವರ ಬಂದದ್ದು ಶಾಲೆ ಮುಚ್ಚಿದ ಮೇಲೆ. ಕಾರಣ ಹುಡುಕುತ್ತ ಹೋದರೆ ಒಬ್ಬ ಮೇಷ್ಟ್ರ ಮನೆ ಸಿಕ್ಕಿತು. ಪಾಠ ಹಿಂದೆ ಬೀಳಬಾರದೆಂದು ಅವರು ಮಕ್ಕಳನ್ನೆಲ್ಲ ತಮ್ಮ ಮನೆಯ ಬೀದಿ ಜಗುಲಿಯ ಮೇಲೆ ಒತ್ತೊತ್ತಾಗಿ ಕೂರಿಸಿಕೊಂಡು ಪಾಠ ಹೇಳಿದ್ದರು. ಪಾಪ, ಕಾಸು ತೆಗೆದುಕೊಂಡಿರಲಿಲ್ಲ. ಸರ್ಕಾರದ ಆಜ್ಞೆ ಮೀರಿದ ಹಾಗಾಗಲಿಲ್ಲವೆ ಎಂದು ಮೆಲ್ಲಗೆ ಕೇಳಿದೆ. ಅವರಿಗೆ ನೋವಾಯಿತು.

"ಆಜ್ಞೆ ಬಂದ ದಿನವೇ ಶಾಲೆಗೆ ಬೀಗ ಹಾಕಿದ್ದೀವಿ. ಜಗುಲಿಗೆ ಬಾಗಿಲೇ ಇಲ್ಲವಲ್ಲಮ್ಮ."

ವ್ಯಾನು

ನಮ್ಮ ಅಧಿಕಾರಿಗಳಿಗೆ ಎಲ್ಲಕ್ಕಿಂತ ಹೆಮ್ಮೆ ಇದ್ದದ್ದು ಪ್ರಚಾರದ ವ್ಯಾನಿನ ಮೇಲೆ. ಗುಂಪು ಸೇರಬೇಡಿ ಎಂದು ಬೀದಿಬೀದಿಯಲ್ಲಿ ಮೈಕಿನಲ್ಲಿ ಹೇಳಿಕೊಂಡು ಹೋದ ವ್ಯಾನು ಅದು. ಅದನ್ನು ಹೊರಡಿಸಿದವರು ಅವರೇ. ಜನರ ಗಮನ ಸೆಳೆಯಲು ಮೊದಲು ಎರಡು ಸಿನಿಮಾ ಹಾಡು ಹಾಕುವ ಏರ್ಪಾಡೂ ಅವರದೇ.

ಎಲ್ಲಿ ವಿಚಾರಿಸಿದರೂ ವ್ಯಾನನ್ನು ಹೊಗಳಿದರು. ಬೀದಿಗೆ ಬೀದಿಯೇ ಬಂದು ಸುತ್ತ ನಿಂತಿತ್ತಂತೆ. ಜ್ವರದಲ್ಲಿ ಮಲಗಿದ್ದವರೂ ಕಂಬಳಿ ಹೊದ್ದು ಬಂದಿದ್ದರಂತೆ. ನನ್ನ ಕಾಗದಗಳನ್ನು ಜೋಡಿಸಿ ನೋಡಿದರೆ, ವ್ಯಾನು ಹೋದ ಬೀದಿಗಳಲ್ಲೇ ಜ್ವರ ಜಾಸ್ತಿ.

ನನ್ನದು ಹಂಗಾಮಿ ಕೆಲಸ. ಎರಡು ದಿನ ಒದ್ದಾಡಿ, ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿದರು. ವ್ಯಾನು ಹೋಗದ ಬೀದಿಗಳಲ್ಲಿ ಹೇಗೆ ಎಂದು ಕೇಳಿದರು. ಅಲ್ಲಿ ಬಹಳ ಕಡಿಮೆ ಸಾರ್ ಎಂದೆ.

ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಅವರು ಹೊಡೆದುಹಾಕಲಿಲ್ಲ. ಪೆನ್ನು ತೆಗೆದು ಕೆಳಗೆ ತಾವೇ ಒಂದು ಸಾಲು ಸೇರಿಸಿ, ಸಹಿ ಹಾಕಿ ಮೇಲಕ್ಕೆ ಕಳಿಸಿದರು:

"ನಮ್ಮ ವ್ಯಾನು ತಲುಪದ ಬೀದಿಗಳಲ್ಲಿ ಇಲಾಖೆಯ ಕ್ರಮಗಳು ಅತ್ಯುತ್ತಮ ಫಲ ನೀಡಿವೆ."